ಕರ್ಟ್‌ಲ್ಯಾಂಡ್ ಮಂದಿರ: ಕಟ್ಟಿದವರು, ಕಾಯ್ದವರು

ಅಮೆರಿಕದ ಒಹಾಯೋ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡಿನ ಪೂರ್ವಕ್ಕಿರುವ ಕರ್ಟ್‌ಲ್ಯಾಂಡಿಗೆ ನಮ್ಮ ಕನ್ನಡ ಕೂಟದ ಹಲವು ಸಂಸಾರಗಳು ಹೋಗುವುದು ಹೋಲ್ಡನ್ ಸಸ್ಯೋದ್ಯಾನ ನೋಡಲು. ಅದೇ ಊರಿನ ದಿಬ್ಬದ ಮೇಲೆ ಚೂಪು ಕಮಾನಿನ ಕಿಟಕಿಗಳ ಬಿಳಿಯ ಕಟ್ಟಡವೊಂದಿದೆ. ಹಳೆಯ ಚರ್ಚಿರಬೇಕು ಎಂದುಕೊಂಡು ಕಾರು ಮುಂದೆ ಹೋಗುತ್ತದೆ. ಈ ಸಲ ಹಾಗೆ ಹೋಗಬೇಡಿ ಎಂದು ಕೇಳಿಕೊಳ್ಳಲೆಂದೇ ಈ ಸಂಪಾದಕೀಯ.

ಅಮೆರಿಕದಲ್ಲೇ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ಕಟ್ಟಿದ ಮೊಟ್ಟಮೊದಲ ಮಂದಿರ ಅದು. ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಅನುಯಾಯಿಗಳೊಂದಿಗೆ ನ್ಯೂಯಾರ್ಕ್ ರಾಜ್ಯ ಬಿಟ್ಟು 1831ರಲ್ಲಿ ಇಲ್ಲಿಗೆ ಬಂದ. 1833ರ ಜುಲೈಯಲ್ಲಿ ಅಡಿಗಲ್ಲು ಬಿತ್ತು. ಬಂದವರಲ್ಲಿ ಹೆಚ್ಚಿನವರು ಬಡವರು. ಕೈಯಲ್ಲಿ ಕಾಸಿಲ್ಲದಿದ್ದರೂ ಮೈಯಲ್ಲಿ ಕಸುವಿತ್ತು. ಹತ್ತಿರದ ಗಣಿಯಿಂದ ಮರಳುಗಲ್ಲು ಒಡೆದು ತಂದರು. ಹೆಂಗಸರು ನೂತು, ನೇಯ್ದು, ದುಡಿಯುವ ಗಂಡಸರಿಗೆ ಬಟ್ಟೆ ಹೊಲಿದು ಕೊಟ್ಟರು. ಒಳಗಿನ ಪರದೆಗಳೂ ಅವರ ಕೈಕೆಲಸವೇ. ಹೊರಗೋಡೆಯ ಗಾರೆಗೆ ಗಾಜು, ಪಿಂಗಾಣಿಯ ಚೂರುಗಳನ್ನು ಪುಡಿಮಾಡಿ ಬೆರೆಸಿದ್ದರು. ಮನೆಮನೆಯ ಹೆಂಗಸರು ತಮ್ಮ ಒಳ್ಳೆಯ ಪಾತ್ರೆಗಳನ್ನೇ ಒಡೆದು ಕೊಟ್ಟರೆಂದು ಹೇಳುವವರಿದ್ದಾರೆ. ಮೂಲೆಗೆ ಬಿದ್ದ ಒಡಕಲು ಪಾತ್ರೆಗಳನ್ನು ಹುಡುಕಿ ಕೂಡಿಹಾಕಿದ್ದರು ಎನ್ನುವುದೇ ನನಗೆ ನಂಬಬೇಕೆನಿಸುವ ಮಾತು. ಇಲ್ಲದವರು ಕಟ್ಟುವಾಗ ಯಾವುದನ್ನೂ ಎಸೆಯುವುದಿಲ್ಲ.

ಒಳಗೆ ಹೋದರೆ ಮೊದಲು ನೋಡಬೇಕಾದದ್ದು ಕೆಳಗಿನ ಸಭಾಂಗಣ. ಎದುರು ಬದುರಿನ ಎರಡೂ ತುದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಉಪದೇಶಪೀಠಗಳಿವೆ. ಅವರಲ್ಲಿ ಪುರೋಹಿತ ಪದವಿ ಎರಡು ಬಗೆ. ಒಂದೊಂದು ಬಗೆಗೆ ಒಂದೊಂದು ತುದಿ. ಹಾಗಾದರೆ ಕುಳಿತವರು ಯಾವ ಕಡೆ ಮುಖಮಾಡಬೇಕು? ಅದಕ್ಕೆ ಬಡಗಿಗಳು ಕಂಡುಕೊಂಡ ಉಪಾಯ ಬಹಳ ಚೆಂದದ್ದು: ಆವರಣದೊಳಗಿನ ಬೆಂಚುಗಳನ್ನೇ ಸರಿಸಿ ಆಚೆ ಬದಿಗೆ ತಿರುಗಿ ಕೂರಬಹುದು. ಚಾವಣಿಯಿಂದ ಪರದೆ ಇಳಿಸಿದರೆ ಒಂದೇ ಸಭಾಂಗಣ ಹಲವು ಕೋಣೆಗಳಾಗುತ್ತಿತ್ತು. ಅಟ್ಟದ ಮೇಲೆ ಪಾಠಶಾಲೆ. 1836ರಲ್ಲಿ ಜೋಶುವಾ ಸೇಶಸ್ ಎಂಬ ಮೇಷ್ಟ್ರು ಪಂಥದವರಿಗೆ ಹೀಬ್ರೂ ಕಲಿಸಿದರು.

1836ರ ಮಾರ್ಚ್ 27ರಂದು ಮಂದಿರ ಸಮರ್ಪಣೆಯಾಯಿತು. ಜನ ಹಿಡಿಸದೆ, ಒಳಗೆ ಬರಲಾಗದವರಿಗಾಗಿ ಕೆಲವೇ ದಿನಗಳಲ್ಲಿ ಮತ್ತೊಮ್ಮೆ ಸಮಾರಂಭ ನಡೆಸಬೇಕಾಯಿತು. ಆದರೆ ಆ ಸಂಭ್ರಮ ನಿಲ್ಲಲಿಲ್ಲ. ಪಂಥದ ಮುಖಂಡರೇ ತೆರೆದಿದ್ದ ಬ್ಯಾಂಕು 1837ರಲ್ಲಿ ಮುಳುಗಿತು, ಸಾಲ ಕೊಟ್ಟವರು ಬೆನ್ನುಹತ್ತಿದರು, ತಮ್ಮವರೇ ತಿರುಗಿಬಿದ್ದರು. 1838ರ ಜನವರಿಯಲ್ಲಿ ಸ್ಮಿತ್ ರಾತ್ರೋರಾತ್ರಿ ಊರು ಬಿಟ್ಟ. ಅದೇ ವರ್ಷ ಹೆಚ್ಚಿನವರೂ ಮಿಸೌರಿಯ ದಾರಿ ಹಿಡಿದರು. ಮೂರು ವರ್ಷ ಬೆವರು ಸುರಿಸಿ ಕಟ್ಟಿದ್ದರಲ್ಲಿ ಎರಡು ವರ್ಷವೂ ನೆಮ್ಮದಿಯಾಗಿ ಪ್ರಾರ್ಥಿಸಲಿಲ್ಲ.

ಮುಂದಿನ ಕಥೆಯೇ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು. 1844ರಲ್ಲಿ ಸ್ಮಿತ್ ಕೊಲೆಯಾದ ಮೇಲೆ ಪಂಥ ಒಡೆಯಿತು. ದೊಡ್ಡ ಪಾಲು ಬ್ರಿಗಮ್ ಯಂಗ್ ಎಂಬ ಮುಖಂಡನ ಹಿಂದೆ ಪಶ್ಚಿಮದ ಯೂಟಾಕ್ಕೆ ಹೋಯಿತು. ಹೋಗದೆ ಉಳಿದವರಲ್ಲಿ ಹಲವರು ಸ್ಮಿತ್‌ನ ಮಗನನ್ನು ಮುಂದಿಟ್ಟುಕೊಂಡು ಬೇರೆಯೇ ಚರ್ಚ್ ಸಂಸ್ಥೆ ಕಟ್ಟಿದರು. ಇಂದು ಅದರ ಹೆಸರು ಕಮ್ಯುನಿಟಿ ಆಫ್ ಕ್ರೈಸ್ಟ್. ಮಂದಿರದ ಒಡೆತನದ ವ್ಯಾಜ್ಯ 1880ರಲ್ಲಿ ಕೋರ್ಟು ಕಂಡಿತು, ಕಟ್ಟಡ ಕೊನೆಗೆ ಅವರಲ್ಲೇ ಉಳಿಯಿತು. ಅಂದಿನಿಂದ ಸೂರು, ಗೋಡೆ, ಕಿಟಕಿ ನೋಡಿಕೊಂಡವರು ಈ ಚಿಕ್ಕ ಬಳಗದವರು. ಯೂಟಾದವರು ಬಂದರೆ ಅವರಿಗೂ ಬಾಗಿಲು ತೆರೆದು ತೋರಿಸುತ್ತಿದ್ದರು.

2024ರ ಮಾರ್ಚ್ 5ರಂದು ಮಂದಿರ ಯೂಟಾದ ಚರ್ಚಿನ ಕೈಸೇರಿತು. ಪಂಥದವರು ಹಿಂದೆ ನೆಲೆಸಿದ್ದ, ಇಲಿನಾಯ್ ರಾಜ್ಯದ ‘ನಾವೂ’ ಎಂಬ ಊರಿನಲ್ಲಿರುವ ಹಳೆಯ ಮನೆಗಳು, ಕೆಲವು ಹಸ್ತಪ್ರತಿಗಳೂ ಸೇರಿ 19.25 ಕೋಟಿ ಡಾಲರು. ಕೊಂಡವರ ಸಂತೋಷ ಸಹಜವೇ. ಅವರಿಗದು ಅಜ್ಜಂದಿರ ಮನೆ. ಆದರೆ ಮಾರಿದವರಲ್ಲಿ ಎಷ್ಟೋ ಜನ ಅತ್ತರು. ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ. ಕಟ್ಟಿದವರು ದುಡಿದದ್ದು ಮೂರು ವರ್ಷ, ಇವರು ಕಾಯ್ದದ್ದು ನಾಲ್ಕು ತಲೆಮಾರು. ಊರು ಬಿಟ್ಟು ಬಂದು ಇಲ್ಲಿ ಗುಡಿ, ಸಭಾಂಗಣ ಕಟ್ಟಿಕೊಂಡಿರುವ ನಮಗೆ ಕಟ್ಟುವ ಹುರುಪು ಗೊತ್ತು. ಸೂರು ಸೋರಿದಾಗ ಚಂದಾ ಎತ್ತುವ ಕಷ್ಟವೂ ಗೊತ್ತು.

ಯೂಟಾ ಚರ್ಚಿನ ಉಳಿದ ಮಂದಿರಗಳು ಒಮ್ಮೆ ಸಮರ್ಪಣೆಯಾದ ಮೇಲೆ ಹೊರಗಿನವರಿಗೆ ಪ್ರವೇಶವಿಲ್ಲ. ಕರ್ಟ್‌ಲ್ಯಾಂಡಿನದನ್ನು ಮಾತ್ರ ಚಾರಿತ್ರಿಕ ಕಟ್ಟಡವಾಗಿಯೇ ಉಳಿಸಿಕೊಂಡಿದ್ದಾರೆ. ಯಾರು ಬೇಕಾದರೂ ಹೋಗಬಹುದು, ಟಿಕೆಟ್ಟಿಲ್ಲ, ಜೊತೆಗೆ ಬಂದು ವಿವರಿಸುವವರಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಸ್ಮಿತ್‌ನ ವಿಷಯ ಕೇಳದಿದ್ದರೂ ಹೇಳುತ್ತಾರೆ. 1880ರಿಂದ 2024ರವರೆಗೆ ಇದನ್ನು ನೋಡಿಕೊಂಡವರ ವಿಷಯವನ್ನು ನೀವಾಗಿಯೇ ಕೇಳಿ.