ನಡೆಯುತ್ತಿದ್ದ ಮರಳು

ಪ್ರಿಯ ಗಿರೀಶ,

ಕಳೆದ ಭಾನುವಾರ ಇಲ್ಲಿ ಸ್ಕಾಟ್ಲೆಂಡಿನ ಬಲ್ಮೆಡಿ ಕಡಲತೀರಕ್ಕೆ ಹೋಗಿದ್ದೆ. ಅಬರ್ಡೀನ್‌ನಿಂದ ಉತ್ತರಕ್ಕೆ, ದೂರವೇನಲ್ಲ. ಹಲಗೆ ಹಾಸಿದ ಕಾಲುದಾರಿಯಲ್ಲಿ ದಿಬ್ಬ ದಾಟಿದರೆ ಎದುರಿಗೇ ಸಮುದ್ರ. ಗಾಳಿ ಎಷ್ಟಿತ್ತು ಅಂದರೆ, ಮರಳು ಮೊಣಕಾಲೆತ್ತರದಲ್ಲಿ ಹೊಗೆಯ ಹಾಗೆ ಓಡುತ್ತಿತ್ತು. ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಶೂ ಪಕ್ಕದಲ್ಲಿ ಆಗಲೇ ಒಂದು ಸಣ್ಣ ಗುಡ್ಡೆ ಆಗಿತ್ತು.

ಟ್ರಂಪ್ ಗಾಲ್ಫ್ ಮೈದಾನ ನಿಮ್ಮ ಪಕ್ಕದಲ್ಲೇ ಇದೆಯಂತಲ್ಲ, ಹೇಗಿದೆ ಅಂತ ನೀನು ಕೇಳಿದ್ದೆ ಅಲ್ವಾ? ಚೆಂದವಾಗಿಯೇ ಇದೆ ಕಣೋ. ಹಸಿರು ಕಣ್ಣಿಗೆ ತಂಪು. ಆದರೆ ಅಲ್ಲಿ ಮೊದಲು ಏನಿತ್ತು ಅಂತ ಗೊತ್ತಾದ ಮೇಲೆ ಆ ಹಸಿರು ನೋಡಿದಾಗಲೆಲ್ಲ ನನಗೆ ಹೊಟ್ಟೆ ಸಂಕಟವಾಗುತ್ತದೆ.

ಅಲ್ಲಿದ್ದದ್ದು ನಡೆಯುವ ಮರಳು. ನೀನು ಮರವಂತೆ ಕಡೆಯವನು, ಬೇಗ ಅರ್ಥವಾಗುತ್ತದೆ. ಫವರನ್ ಲಿಂಕ್ಸ್ ಅನ್ನುವ ಆ ದಿಬ್ಬಗಳು ಒಂದೇ ಕಡೆ ನಿಂತಿರಲಿಲ್ಲ. ಗಾಳಿ ತಳ್ಳಿದ ಹಾಗೆ ವರ್ಷ ವರ್ಷವೂ ಸರಿಯುತ್ತಿದ್ದವು. ಸರಿದ ಜಾಗದಲ್ಲಿ ತಗ್ಗು ಬೀಳುತ್ತಿತ್ತು. ಚಳಿಗಾಲದಲ್ಲಿ ಅದರಲ್ಲಿ ನೀರು ನಿಲ್ಲುತ್ತಿತ್ತು, ಆ ತೇವಕ್ಕೆ ಬೇರೆಯೇ ಜಾತಿಯ ಗಿಡಗಳು ಹುಟ್ಟುತ್ತಿದ್ದವು. ಇಂಥ ಜಾಗ ಬ್ರಿಟನ್ನಿನಲ್ಲೇ ಅಪರೂಪ ಅಂತ ಕಾನೂನಿನ ರಕ್ಷಣೆಯೂ ಇತ್ತು.

ಗಾಲ್ಫಿಗೆ ನಡೆಯುವ ನೆಲ ಆಗುವುದಿಲ್ಲ. ನಿನ್ನೆ ಇದ್ದ ಕುಳಿ ಇವತ್ತೂ ಅಲ್ಲೇ ಇರಬೇಕು. ಹಾಗಾಗಿ ಮಾರಮ್ ಅನ್ನುವ ಹುಲ್ಲು ನೆಟ್ಟು ಮರಳನ್ನು ಕಟ್ಟಿಹಾಕಿದರು. ದಾರಿ ಬದಿಯಲ್ಲಿ ಅದರ ಒಂದು ಎಲೆ ಮುಟ್ಟಿ ನೋಡಿದೆ. ಒಳಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ, ತುದಿ ಸೂಜಿಯಂತೆ ಚುಚ್ಚುತ್ತದೆ. ಬೇರು ಆಳಕ್ಕಿಳಿದು ಮರಳನ್ನು ಹಿಡಿದರೆ ಬಿಡುವುದಿಲ್ಲ. ಹುಲ್ಲಿನದೇನೂ ತಪ್ಪಿಲ್ಲ ಬಿಡು.

ಟ್ರಂಪ್ ಇಲ್ಲಿನ ಮೆನಿ ಎಸ್ಟೇಟ್ ಕೊಂಡದ್ದು 2006ರಲ್ಲಿ. ಆಗಿನ್ನೂ ಅಮೆರಿಕದ ಅಧ್ಯಕ್ಷರಾಗಿರಲಿಲ್ಲ. ಅವರ ತಾಯಿ ಹುಟ್ಟಿದ್ದು ಸ್ಕಾಟ್ಲೆಂಡಿನದೇ ಲೂಯಿಸ್ ದ್ವೀಪದಲ್ಲಿ. 100 ಕೋಟಿ ಪೌಂಡ್ ಬಂಡವಾಳ, 6,000 ಕೆಲಸ, 450 ಕೋಣೆಗಳ ಹೋಟೆಲ್ ಅಂದರು ಟ್ರಂಪ್. 2007ರ ನವೆಂಬರ್‌ನಲ್ಲಿ ಅಬರ್ಡೀನ್‌ಶೈರ್ ಕೌನ್ಸಿಲ್‌ನ ಸಮಿತಿಯಲ್ಲಿ ಈ ಯೋಜನೆಯ ಮೇಲಿನ ಮತ ಸಮ ಸಮವಾಯಿತು. ಅಧ್ಯಕ್ಷ ಮಾರ್ಟಿನ್ ಫೋರ್ಡ್ ತಮ್ಮ ನಿರ್ಣಾಯಕ ಮತ ಹಾಕಿ ಬೇಡ ಅಂದರು. ಸ್ವಲ್ಪ ದಿನದಲ್ಲೇ ಅವರನ್ನು ಆ ಸ್ಥಾನದಿಂದ ಇಳಿಸಿದರು. ಸ್ಕಾಟ್ಲೆಂಡ್ ಸರ್ಕಾರ ವಿಷಯವನ್ನು ತಾನೇ ಕೈಗೆತ್ತಿಕೊಂಡು, ಪರಿಸರಕ್ಕೆ ಆಗುವ ನಷ್ಟಕ್ಕಿಂತ ಹಣದ ಲಾಭ ದೊಡ್ಡದು ಅಂತ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಫೋರ್ಡ್ ಬಗ್ಗೆ ನನಗೆ ತುಂಬ ಗೌರವ ಕಣೋ. ಅಷ್ಟು ದೊಡ್ಡ ಆಸೆ ಎದುರಿಗಿಟ್ಟಾಗ ಬೇಡ ಅನ್ನುವುದು ಸುಲಭವಲ್ಲ.

ಟ್ರಂಪ್ ಅವರಿಗೆ ಮನೆ ಮಾರುವುದಿಲ್ಲ ಅಂತ ಪಟ್ಟು ಹಿಡಿದವರೂ ಇದ್ದರು. ಕೆಲವರ ಮನೆಯ ಪಕ್ಕದಲ್ಲೇ ಮಣ್ಣಿನ ದಿಬ್ಬ ಎದ್ದಿತು, ಮರಗಳು ಬಂದವು. ದಿನಾ ಕಾಣುತ್ತಿದ್ದ ನೋಟವೇ ಹೋಯಿತು.

2012ರಲ್ಲಿ ಮೈದಾನ ಶುರುವಾಯಿತು. ಹೇಳಿದ ಕೆಲಸಗಳು 6,000ದ ಹತ್ತಿರಕ್ಕೂ ಬರಲಿಲ್ಲ, ಆ ದೊಡ್ಡ ಹೋಟೆಲ್ ಏಳಲಿಲ್ಲ. ಮೈದಾನದ ಎದುರಿನ ಕಡಲಲ್ಲಿ ವಿದ್ಯುತ್ತಿನ ಗಾಳಿಯಂತ್ರ ಬೇಡ ಅಂತ ಟ್ರಂಪ್ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2015ರಲ್ಲಿ ಸೋತರು. ಈಗ 11 ಯಂತ್ರಗಳು ತಿರುಗುತ್ತಿವೆ.

ನನಗೆ ಜಾಸ್ತಿ ನೋವಾದದ್ದು 2020ರ ಡಿಸೆಂಬರ್ ಸುದ್ದಿ. ನೇಚರ್‌ಸ್ಕಾಟ್ ಅನ್ನುವ ಸರ್ಕಾರಿ ಸಂಸ್ಥೆ ಮೈದಾನವಿರುವ ಆ ದಿಬ್ಬಗಳ ರಕ್ಷಣೆಯನ್ನೇ ತೆಗೆದುಹಾಕಿತು. ಯಾಕೆ ಗೊತ್ತಾ? ಕಾಪಾಡಬೇಕಾದದ್ದು ಅಲ್ಲಿ ಉಳಿದಿಲ್ಲ ಅಂತ. ಮರಳು ಅಲ್ಲೇ ಇದೆ, ನಡೆಯುವುದನ್ನು ನಿಲ್ಲಿಸಿದೆ ಅಷ್ಟೆ. 2025ರ ಜುಲೈನಲ್ಲಿ ಟ್ರಂಪ್ ಅಧ್ಯಕ್ಷರಾಗಿಯೇ ಬಂದು ಪಕ್ಕದಲ್ಲಿ ಎರಡನೇ ಮೈದಾನ ಉದ್ಘಾಟಿಸಿ ಹೋದರು.

ನೀನು ಬಂದಾಗ ನಾವು ಇನ್ನೂ ಉತ್ತರಕ್ಕೆ, ಐಥನ್ ನದಿಯ ಆಚೆಗೆ, ಫೋರ್ವಿಗೆ ಹೋಗೋಣ. ಹಿಂದೆ ಒಂದು ಹಳ್ಳಿಯನ್ನೇ ಮರಳು ನುಂಗಿದ ಜಾಗ ಅದು, ಹಳೆಯ ಚರ್ಚಿನ ಗೋಡೆ ಮಾತ್ರ ಉಳಿದಿದೆ. ನದಿ ಬಾಯಲ್ಲಿ ಸೀಲ್‌ಗಳು ಗುಂಪಾಗಿ ಮಲಗಿರುತ್ತವೆ. ಅಲ್ಲಿ ಮರಳನ್ನು ಯಾರೂ ಕಟ್ಟಿಹಾಕಿಲ್ಲ. ಗಾಳಿಗೆ ತಡೆಯುವಂಥ ಜಾಕೆಟ್ ಮಾತ್ರ ಮರೀಬೇಡ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ರವಿ