ಪುಟ್ಟನಿಗೆ ಮೂರು ಸಾಲು ಸಾಕು, ಅಣ್ಣ

ಲೀಡ್ಸ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ? ರೇಷ್ಮೆ ಹುಳದ ಹೊಸ ಚಾಕಿ ಮರಿ ತಂದಿದ್ದೀರಂತೆ, ಅತ್ತಿಗೆ ಹೇಳಿದರು. ಈ ಸಲವಾದರೂ ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಗೂಡಿಗೆ ಒಳ್ಳೆ ರೇಟು ಸಿಗಲಿ.

ಮೊನ್ನೆ ನೀನು ಫೋನ್ ಮಾಡಿದಾಗ ಹಿಂದೆ ಪುಟ್ಟ ಅಳುವುದು ಕೇಳಿಸುತ್ತಿತ್ತು. ಆರು ಗಂಟೆಗೆ ಪುಸ್ತಕ ಹಿಡಿದು ಕೂತವನು ಎಂಟಾದರೂ ಎರಡೇ ಸಾಲು ಬರೆದಿದ್ದ, ನಾಲ್ಕು ಸಲ ಪೆನ್ಸಿಲ್ ಚೂಪು ಮಾಡಿದ, ಕರು ಕೂಗಿತು ಅಂತ ಎದ್ದು ಹೋದ, ಅದಕ್ಕೇ ಎರಡು ಬಿಟ್ಟೆ ಅಂದೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಮೇಲೆ ಕೋಪವಿಲ್ಲ ಅಣ್ಣ. ನಾನೂ ನನ್ನ ಮಗಳಿಗೆ ಇದನ್ನೇ ಮಾಡಿದ್ದೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಡುವೆ ಮಾತು ಎಲ್ಲೆಲ್ಲಿಗೋ ಹೋಗಿಬಿಡುತ್ತದೆ.

ಅವಳಿಗೆ ಆಗ ಐದೂವರೆ ವರ್ಷ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಮಹಡಿ ಮೇಲೆ ಹೋದರೆ, ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದರ ದಾರ ಎಳೆಯುತ್ತಾ ಕೂತಿರುತ್ತಿದ್ದಳು. ಎಷ್ಟೋ ತಿಂಗಳು ದಿನಾ ಕೂಗಾಡಿದೆ. ಅವಳು ಹೆದರಿದಳು, ಆದರೆ ಬೇಗ ಮಾಡಲಿಲ್ಲ. ಹೆದರಿದ ಮಗು ಇನ್ನೂ ನಿಧಾನ ಮಾಡಿತು. ಒಂದು ದಿನ ಅವಳ ಟೀಚರ್ ನನ್ನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ನೀವು ಒಂದೇ ಉಸಿರಿನಲ್ಲಿ ಎಷ್ಟು ಕೆಲಸ ಹೇಳುತ್ತೀರಿ? ಮನೆಗೆ ಬಂದು ಎಣಿಸಿದೆ. "ಮೇಲೆ ಹೋಗು, ಹಲ್ಲುಜ್ಜು, ಸಾಕ್ಸ್ ಹಾಕ್ಕೋ, ಬ್ಯಾಗ್ ತಗೊಂಡು ಬಾ." ನಾಲ್ಕು! ಈ ವಯಸ್ಸಿನ ಮಕ್ಕಳ ತಲೆಯಲ್ಲಿ ಒಂದೇ ಸಲಕ್ಕೆ ಕೆಲವೇ ಮಾತು ನಿಲ್ಲುತ್ತದೆ. ಒಂದು ಮಾಡುವಷ್ಟರಲ್ಲಿ ಉಳಿದದ್ದು ಜಾರಿಹೋಗುತ್ತದೆ. ಹೇಳಿದ್ದನ್ನು ನೆನಪಿಟ್ಟುಕೊಂಡು, ಬೇರೆ ಕಡೆ ಮನಸ್ಸು ಹೋಗದಂತೆ ತಡೆದು, ಕೆಲಸ ಮುಗಿಸುವುದು ಮೆದುಳಿನ ಮುಂಭಾಗದ ಕೆಲಸವಂತೆ. ಆ ಭಾಗ ಪೂರ್ತಿ ಬೆಳೆಯಲು 25 ವರ್ಷದ ಹತ್ತಿರ ಬೇಕು. ನಮ್ಮ ಪುಟ್ಟನಿಗೆ ಇನ್ನೂ ಏಳು.

ಹೋದ ಸಲ ನಾನು ಊರಿಗೆ ಬಂದಿದ್ದಾಗ ಹುಳು ಹಣ್ಣಾಗಿ ಗೂಡು ಕಟ್ಟಲು ಬಂದಿದ್ದವು, ನೆನಪಿದೆಯಾ? ಆಳು ಸಿಗದೆ ನಾವೆಲ್ಲ ಕೂತು ಆರಿಸುತ್ತಿದ್ದೆವು. ಪುಟ್ಟನೂ ಕೂತ. ಮಧ್ಯಾಹ್ನ ಪೂರ್ತಿ ಕೂತ! ಹಣ್ಣಾದ ಹುಳ ಯಾವುದು, ಇನ್ನೂ ಸೊಪ್ಪು ತಿನ್ನುವುದು ಯಾವುದು ಅಂತ ಬೆಳಕಿಗೆ ಹಿಡಿದು ನೋಡಿ, ಒಂದೊಂದನ್ನೇ ಗೂಡು ಕಟ್ಟುವ ಚಂದ್ರಿಕೆ ತಟ್ಟಿಯ ಮೇಲೆ ಬಿಟ್ಟ. ತನ್ನ ಪಾಲಿನ ತಟ್ಟೆ ಖಾಲಿ ಮಾಡಿಯೇ ಎದ್ದ. ಕೂರಲು ಆಗದ ಮಗು ಅಂತ ಅವನನ್ನು ಹೇಗೆ ಅನ್ನುವುದು?

ಇದನ್ನು ನಾನು ತುಂಬಾ ಯೋಚಿಸಿದ್ದೇನೆ. ಅಲ್ಲಿ ಕೆಲಸದ ಕೊನೆ ಅವನ ಕಣ್ಣಿಗೆ ಕಾಣುತ್ತಿತ್ತು. ತಟ್ಟೆ ಖಾಲಿಯಾದರೆ ಮುಗಿಯಿತು. ಪಕ್ಕದಲ್ಲಿ ನಾವೂ ಅದೇ ಕೆಲಸ ಮಾಡುತ್ತಿದ್ದೆವು. ಒಂದು ಹುಳ ತಪ್ಪಿ ಇಟ್ಟರೆ ಅಪ್ಪ ಸುಮ್ನೆ ತೆಗೆದು ಪಕ್ಕಕ್ಕೆ ಹಾಕುತ್ತಿದ್ದರು, ಬೈಯುತ್ತಿರಲಿಲ್ಲ. ಕಾಪಿ ಬರೆಯುವಾಗ ಇವು ಯಾವುದೂ ಇಲ್ಲ. ಪುಟ ತುಂಬಾ ಖಾಲಿ ಸಾಲು, ಎದುರಿಗೆ ಟಿವಿ, ಹಿಂದೆ ನಿನ್ನ ಗದರು. ಅವನಿಗೆ ಇದು ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಾಗಿ ಕೊನೆಯನ್ನು ಹತ್ತಿರ ತಂದುಕೊಡು. ಪುಟದ ಮೇಲೆ ಒಂದು ರಟ್ಟು ಇಟ್ಟು ಮೂರೇ ಸಾಲು ಕಾಣುವಂತೆ ಮಾಡು. ಮೂರು ಸಾಲು ಬರೆದರೆ ಒಂದು ಟಿಕ್, ಎದ್ದು ನೀರು ಕುಡಿದು ಬರಲಿ. ಮತ್ತೆ ರಟ್ಟು ಕೆಳಗೆ ಸರಿಸು. ಮೊದಲ ವಾರ ಪೂರ್ತಿ ಹೋಂವರ್ಕ್ ಆಗದಿದ್ದರೂ ಪರವಾಗಿಲ್ಲ, ಅವರ ಮೇಷ್ಟ್ರಿಗೆ ನೀನೇ ಹೋಗಿ ಹೇಳು. ಅವನು ಬರೆಯುವಾಗ ಟಿವಿ ಬೇಡ. ನೀನು ಪಕ್ಕದಲ್ಲಿ ಹಾಲಿನ ಲೆಕ್ಕ ಬರೆಯುತ್ತಾ ಕೂತಿರು, ಅಷ್ಟೇ. ಅವನ ಪುಸ್ತಕದೊಳಗೆ ಇಣುಕಬೇಡ.

ಇಲ್ಲಿನ ಸ್ಕೂಲಿನಲ್ಲಿ ಒಂದು ಹಲಗೆ ಇಡುತ್ತಾರೆ. ಎರಡೇ ಚಿತ್ರ, ಈಗ ಏನು, ಆಮೇಲೆ ಏನು. ನಮ್ಮ ಮನೆಯ ಹಳೇ ಸ್ಲೇಟು ಸಾಕು. ಒಂದು ಕಡೆ ಪುಸ್ತಕ ಬರಿ, ಇನ್ನೊಂದು ಕಡೆ ಕರು. ಮೂರು ಸಾಲು ಬರೆದ ಮೇಲೆ ಕರುವಿನ ಹತ್ತಿರ ಹೋಗಬಹುದು. ನೀನು ಹತ್ತು ಸಲ ಹೇಳುವ ಬದಲು ಸ್ಲೇಟು ಹೇಳುತ್ತದೆ.

ಅತ್ತಿಗೆಗೂ ಒಂದು ಮಾತು ಓದಿ ಹೇಳು. ಅವನ ಶರ್ಟಿನ ಗುಂಡಿಯೆಲ್ಲ ಅವರೇ ಹಾಕಿಬಿಡುತ್ತಾರೆ, ಹೊತ್ತಾಗುತ್ತೆ ಅಂತ. ನಾಲ್ಕು ಅವರು ಹಾಕಲಿ, ಕೊನೆಯದು ಅವನಿಗೆ ಬಿಡಲಿ. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಮುಗಿಸಿದವನು ಅವನೇ ಆಗುತ್ತಾನೆ. ನನ್ನ ಮಗಳು ಶೂ ಹಾಕಿಕೊಳ್ಳುವುದನ್ನು ಹೀಗೇ ಕಲಿತಳು. ಮೊದಲ ದಿನ ಪಟ್ಟಿ ಅಂಟಿಸಿ "ನಾನೇ!" ಅಂದಾಗ ಅವಳ ಮುಖ ನೀನು ನೋಡಬೇಕಿತ್ತು. ಅವರೆಕಾಯಿ ಕಾಲ ಬಂದರೆ ಹಿತುಕಲು ಅವನಿಗೆ ಒಂದು ಚಿಕ್ಕ ಬಟ್ಟಲು ಕಾಳು ಕೊಡಲಿ. ಮೊರ ತುಂಬಾ ಬೇಡ.

ಮುಗಿಸಿದಾಗ "ಜಾಣ" ಅನ್ನುವುದಕ್ಕಿಂತ, "ಮೂರು ಸಾಲೂ ಎದ್ದೇಳದೆ ಬರೆದೆ" ಅನ್ನಿ. ಏನು ಮಾಡಿದ್ದು ಸರಿಹೋಯಿತು ಅಂತ ಅವನಿಗೆ ತಿಳಿಯುತ್ತದೆ. ಚಿಕ್ಕಪ್ಪನ ಮಗಳ ಜೊತೆ ಹೋಲಿಸುವುದು ದಯವಿಟ್ಟು ಬೇಡ. ಅವನು ಎಲ್ಲ ಕೇಳಿಸಿಕೊಳ್ಳುತ್ತಾನೆ ಅಣ್ಣ.

ಇನ್ನೊಂದು ವಿಷಯ. ಪೊರೆ ಬಿಡಲು ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು ಅಂತ ನಮಗೆ ಅಪ್ಪ ಕಲಿಸಿದ್ದರಲ್ಲ, ಎದ್ದ ಮೇಲೇ ಹಾಕಬೇಕು ಅಂತ. ಪುಟ್ಟ ನಾಲ್ಕೂವರೆಗೆ ಸ್ಕೂಲಿಂದ ಸೋತು ಬರುತ್ತಾನೆ. ಅವನು ತಿನ್ನಲಿ, ಆಡಲಿ, ಆಮೇಲೆ ಪುಸ್ತಕ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಹಿಡಿದು ಬೆಳಿಗ್ಗೆ ಆರಕ್ಕೆ ಏಳುತ್ತಾನೆ ಅಂದೆಯಲ್ಲ, ಅದು ಖಂಡಿತ ಸಾಲದು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಒಂಬತ್ತಕ್ಕೆ ಮಲಗಿಸಿ ನೋಡಿ.

ಕಣ್ಣು, ಕಿವಿ ಒಮ್ಮೆ ತೋರಿಸಿಬಿಡು. ಬೋರ್ಡು ಕಾಣದ, ಹೇಳಿದ್ದು ಕೇಳಿಸದ ಮಗು ಹೇಗೆ ಮುಗಿಸುತ್ತದೆ? ರಕ್ತ ಕಡಿಮೆ ಇದ್ದರೂ ಮಕ್ಕಳಿಗೆ ಗಮನ ನಿಲ್ಲುವುದಿಲ್ಲ, ಅದನ್ನೂ ನೋಡಿಸು. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಸ್ಕೂಲಿನಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ, ಅವತ್ತು ರಜ ಹಾಕಿಸಬೇಡ. ಮೇಷ್ಟ್ರನ್ನು ಕೇಳು: ಕ್ಲಾಸಿನಲ್ಲೂ ಹೀಗೇನಾ? ಅಕ್ಷರ ಓದಲು, ಬರೆಯಲು ಕಷ್ಟಪಡುತ್ತಾನಾ? ಅಕ್ಷರವೇ ಕಷ್ಟವಾದರೆ ಮಗು ಎದ್ದು ಓಡದೆ ಏನು ಮಾಡುತ್ತದೆ?

ಎಡಿಎಚ್‌ಡಿ ಅಂತ ಒಂದು ತೊಂದರೆ ಇದೆ. ಗಮನ ನಿಲ್ಲದಿರುವುದು, ಸುಮ್ಮನೆ ಕೂರಲು ಆಗದಿರುವುದು ಅದರ ಲಕ್ಷಣ. ಮನೆಯಲ್ಲಿ ಮಾತ್ರ ಇದ್ದರೆ ಸಾಲದು, ಸ್ಕೂಲಿನಲ್ಲೂ ಇರಬೇಕು, ಆರು ತಿಂಗಳಾದರೂ ಇರಬೇಕು, ವಯಸ್ಸಿಗೆ ಮೀರಿ ಜಾಸ್ತಿ ಇರಬೇಕು. ಆಗ ಡಾಕ್ಟರೇ ನೋಡಿ ಹೇಳಬೇಕು. ನಾನೂ ನೀನೂ ಹೇಳುವ ಹಾಗಿಲ್ಲ. ಸರ್ಕಾರಿ ಸ್ಕೂಲಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ, 2013ರಿಂದ ನಡೆಯುತ್ತಿದೆ. ಅವರಿಗೆ ಇದನ್ನೂ ಹೇಳು. ಬೇಕಾದರೆ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಅದಕ್ಕೂ ಮೇಲೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಮೊದಲು ಸುಮ್ನೆ ಮಾತಾಡಿ ನೋಡಬೇಕು ಅನಿಸಿದರೆ ಮನಸ್ಸಿನ ಆರೋಗ್ಯಕ್ಕೆ ಅಂತ ಸರ್ಕಾರ ನಡೆಸುವ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್ ಅಂದ ತಕ್ಷಣ ಊರಿನವರು ಏನೇನೋ ಅನ್ನುತ್ತಾರೆ. ಅನ್ನಲಿ ಬಿಡು. ಕಾಲು ಮುರಿದರೆ ಆಸ್ಪತ್ರೆಗೆ ಹೋಗಲ್ವಾ?

ಹೊಡೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸು ಅಣ್ಣ. ಇದೊಂದನ್ನು ನನಗೋಸ್ಕರ ಮಾಡು.

ನಮ್ಮ ಸ್ನೇಹಿತರೊಬ್ಬರು ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಾರೆ. ಅವರ ಕೈಲಿ ಐದು ನಿಮಿಷದ ಮರಳು ಗಡಿಯಾರ ಕಳಿಸುತ್ತೇನೆ. ಮರಳು ಬೀಳುವವರೆಗೆ ಬರೆಯುವುದು, ಬಿದ್ದ ಮೇಲೆ ಏಳುವುದು. ಓಟದ ಪಂದ್ಯದ ಹಾಗೆ ಅವಸರ ಮಾಡಿಸಬೇಡಿ. ಅಮ್ಮನಿಗೆ ಮಂಡಿಗೆ ಕಟ್ಟುವ ಪಟ್ಟಿಯೂ ಅದರ ಜೊತೆಗಿದೆ.

ಇದೇ ಲಕೋಟೆಯಲ್ಲಿ ಪುಟ್ಟನಿಗೆ ಬೇರೆ ಚೀಟಿ ಇಟ್ಟಿದ್ದೇನೆ. ಮೂರೇ ಸಾಲು. ನೀನು ಓದಿ ಹೇಳಬೇಡ, ಅವನೇ ಓದಲಿ, ಎಷ್ಟು ಹೊತ್ತಾದರೂ ಸರಿ. ಉತ್ತರವೂ ಮೂರೇ ಸಾಲು ಸಾಕು, ಅತ್ತೆ ಕಾಯುತ್ತಿರುತ್ತಾಳೆ ಅಂತ ಹೇಳು.

ಇಂತಿ ನಿನ್ನ ಪ್ರೀತಿಯ ತಂಗಿ