ಸಂಪಾದಕೀಯ: ಮೊದಲನೇ ಪಂಕ್ತೀಲಿ ಕೂರೋರು ಯಾರು?

ರಾಜ್ಯೋತ್ಸವಕ್ಕೆ ಡೇಟ್ ಹಾಕೋಕೆ ಕೂತಾಗ ನಮ್ಮ ಕಮಿಟೀಲಿ ಪ್ರತಿ ವರ್ಷ ಅದೇ ಕಥೆ. ಊರಿಗೆ ಹೊಸದಾಗಿ ಬಂದೋರು ಯಾರಾದ್ರೂ ಒಬ್ರು "ನವೆಂಬರ್ ಕೊನೇ ಶನಿವಾರ ಹಾಲ್ ಖಾಲಿ ಇದೆ, ಅವತ್ತೇ ಇಟ್ಕೊಳ್ಳೋಣ ಬಿಡಿ" ಅಂತಾರೆ, ಹಳಬರೆಲ್ಲ ಮುಖ ಮುಖ ನೋಡ್ಕೋತೀವಿ. ಅಮೆರಿಕದ ಓಹಾಯೋದಲ್ಲಿರೋ ನಮ್ಮ ಕೊಲಂಬಸ್‌ನಲ್ಲಿ ಅವತ್ತು ಹಾಲ್ ಯಾಕೆ ಖಾಲಿ ಇರುತ್ತೆ ಅಂತ ಮೊದಲನೇ ವರ್ಷ ಯಾರಿಗೂ ಗೊತ್ತಾಗಲ್ಲ. ನಮ್ಮೂರ ಯೂನಿವರ್ಸಿಟಿ ಓಹಾಯೋ ಸ್ಟೇಟ್‌ಗೂ ಮಿಷಿಗನ್‌ಗೂ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಕಣ್ರೀ ಅವತ್ತು! ಡೊಳ್ಳು ಕುಣಿತಕ್ಕೆ ಹೆಸರು ಕೊಟ್ಟ ಹುಡುಗ್ರೆಲ್ಲ ಕೆಂಪು ಜರ್ಸಿ ಹಾಕ್ಕೊಂಡು ಟಿವಿ ಮುಂದೆ ಕೂತಿರ್ತಾರೆ, ಡೊಳ್ಳು ಒಂದೇ ಬಂದಿರುತ್ತೆ.

2024ರಲ್ಲಿ ನವೆಂಬರ್ 30ಕ್ಕೆ ನಮ್ಮೂರಲ್ಲೇ ಮ್ಯಾಚ್ ಇತ್ತು, 13-10ಕ್ಕೆ ಸೋತ್ವಿ, ಊರಿಗೆ ಊರೇ ಸೂತಕದ ಮನೆ ಥರ ಆಗೋಯ್ತು. ಆಮೇಲೆ ಏಳು ವಾರ ಕಳೆದು ಜನವರಿ 20ಕ್ಕೆ ಅದೇ ಟೀಮ್ ಅಟ್ಲಾಂಟಾದಲ್ಲಿ ನೋಟ್ರ್ ಡೇಮ್‌ನ 34-23ಕ್ಕೆ ಸೋಲಿಸಿ ನ್ಯಾಷನಲ್ ಚಾಂಪಿಯನ್. ಆಗ ಒಬ್ಬ ಹೊಸ ಮೆಂಬರ್ ಕೇಳಿದ್ರು, ಸಾರ್, ಎರಡು ಮ್ಯಾಚ್ ಸೋತು ರ‍್ಯಾಂಕಿಂಗ್‌ನಲ್ಲಿ ಆರನೇ ಜಾಗದಲ್ಲಿದ್ದ ಟೀಮು ದೇಶಕ್ಕೇ ಚಾಂಪಿಯನ್ ಹೆಂಗಾಯ್ತು, ಹಿಂದೆಲ್ಲ ಒಂದು ಮ್ಯಾಚೂ ಸೋಲದೇ ಇರೋರಿಗೇ ಸಿಗ್ತಿರಲಿಲ್ವಂತೆ? ಅವತ್ತು ಕಾಫಿ ಆರೋಗೋವರೆಗೂ ಮಾತಾಡಿದೆ, ಆದ್ರೂ ಅರ್ಧ ಹೇಳಿದಂಗಾಯ್ತು. ಉಳಿದರ್ಧ ಇಲ್ಲಿ.

ಮೊದಲು ಒಂದು ವಿಷಯ ನಂಬೋಕೇ ಕಷ್ಟ. ದೊಡ್ಡ ಕಾಲೇಜುಗಳ ಫುಟ್‌ಬಾಲ್‌ಗೆ ಬಹಳ ಕಾಲ ಫೈನಲ್ ಅನ್ನೋದೇ ಇರಲಿಲ್ಲ. ಸೀಸನ್ ಮುಗಿದ ಮೇಲೆ ರೋಸ್ ಬೌಲು ಶುಗರ್ ಬೌಲು ಅಂತ ಅವರವರ ಪಾಡಿಗೆ ಒಂದೊಂದು ಮ್ಯಾಚ್ ಆಡೋರು, ಆಮೇಲೆ ಪತ್ರಕರ್ತರು ಒಂದು ಕಡೆ ಕೋಚ್‌ಗಳು ಒಂದು ಕಡೆ ವೋಟ್ ಹಾಕಿ ಯಾರು ನಂಬರ್ ಒನ್ ಅಂತ ಹೇಳೋರು. 1990, 1991, 1997 ಈ ಮೂರು ವರ್ಷ ಎರಡು ವೋಟಲ್ಲೂ ಬೇರೆ ಬೇರೆ ಹೆಸರು ಬಂದು ಇಬ್ಬಿಬ್ರು ಚಾಂಪಿಯನ್ನು. ಇದು ಸರಿಹೋಗಲ್ಲ ಅಂತ 1998ರಲ್ಲಿ ಬಿಸಿಎಸ್ ಅಂದ್ರೆ ಬೌಲ್ ಚಾಂಪಿಯನ್‌ಶಿಪ್ ಸೀರೀಸ್ ಶುರು ಮಾಡಿದ್ರು, ವೋಟು ಮತ್ತೆ ಕಂಪ್ಯೂಟರ್ ಲೆಕ್ಕ ಎರಡೂ ಕಲಸಿ ಮೊದಲ ಇಬ್ಬರನ್ನ ಆರಿಸಿ ಆಡಿಸೋದು.

ಸರಿ, ಆದ್ರೆ ಊಟಕ್ಕೆ ಕೂರಿಸಿದ್ದು ಹೇಗೆ ನೋಡಿ. ಆರು ದೊಡ್ಡ ಕಾನ್ಫರೆನ್ಸ್‌ಗಳಿಗೆ, ಅಂದ್ರೆ ಒಟ್ಟಿಗೆ ಸೇರಿ ಆಡೋ ಕಾಲೇಜುಗಳ ಗುಂಪುಗಳಿಗೆ, ಮೊದಲನೇ ಪಂಕ್ತೀಲಿ ಎಲೆ ಕಾಯಂ, ಆ ಕಾನ್ಫರೆನ್ಸ್ ಗೆದ್ದೋರಿಗೆ ದೊಡ್ಡ ಬೌಲ್ ಮ್ಯಾಚೂ ಗ್ಯಾರಂಟಿ ದುಡ್ಡೂ ಗ್ಯಾರಂಟಿ. ಮಿಕ್ಕೋರು ಗೋಡೆಗೆ ಒರಗಿಕೊಂಡು ನಿಂತಿರಬೇಕು, ಎಲೆ ಖಾಲಿ ಆದ್ರೆ ಕರೀತಾರೆ. ಯೂಟಾ ಯೂನಿವರ್ಸಿಟಿ 2008ರ ಸೀಸನ್‌ನಲ್ಲಿ 13ಕ್ಕೆ 13 ಗೆದ್ದಿತು, ಕೊನೇ ಮ್ಯಾಚಲ್ಲಿ ಶುಗರ್ ಬೌಲ್‌ನಲ್ಲಿ ಅಲಬಾಮಾನ 31-17ಕ್ಕೆ ಬಡಿದು ಹಾಕ್ತು, ಆದ್ರೂ ಫೈನಲ್ ಆಡಿದ್ದು ಒಂದೊಂದು ಮ್ಯಾಚ್ ಸೋತಿದ್ದ ಫ್ಲೋರಿಡಾ ಮತ್ತೆ ಓಕ್ಲಹೋಮಾ. ಅಷ್ಟೂ ಗೆದ್ದೋರಿಗೆ ಪತ್ರಕರ್ತರ ವೋಟಲ್ಲಿ ಎರಡನೇ ನಂಬರು. ಹೋಳಿಗೆ ಮುಗಿದುಹೋಯ್ತು, ಪಾಯಸ ಇದೆ, ತಗೊಳ್ಳಿ ಅಂದಂಗೆ.

ಯೂಟಾದ ಸೆನೆಟರ್ ಆರಿನ್ ಹ್ಯಾಚ್ ಅವರಿಗೆ ಇದು ತಡೀಲಿಲ್ಲ, 2009ರ ಜುಲೈನಲ್ಲಿ ಸೆನೆಟ್‌ನ ಆ್ಯಂಟಿಟ್ರಸ್ಟ್ ಉಪಸಮಿತೀಲಿ ವಿಚಾರಣೆ ಇಡಿಸಿದ್ರು. ಫುಟ್‌ಬಾಲ್‌ಗೂ ಆ್ಯಂಟಿಟ್ರಸ್ಟ್‌ಗೂ ಏನು ಸಂಬಂಧ ಅಂದ್ರೆ, ಆ ಕಾನೂನಿನ ಮೂಲ 1890ರ ಶೆರ್ಮನ್ ಆ್ಯಕ್ಟು, ಅದನ್ನ ತಂದ ಜಾನ್ ಶೆರ್ಮನ್ ನಮ್ಮ ಓಹಾಯೋದವರೇ, ಲ್ಯಾಂಕಾಸ್ಟರ್‌ನಲ್ಲಿ ಹುಟ್ಟಿದ್ದು, ಇಲ್ಲಿಂದ ಹತ್ರಾನೇ, ಯಾವತ್ತಾದ್ರೂ ಆ ಕಡೆ ಹೋದ್ರೆ ನೋಡ್ಕೊಂಡ್ ಬನ್ನಿ. ವ್ಯಾಪಾರದಲ್ಲಿ ಎದುರಾಳಿಗಳಾಗಿ ಇರಬೇಕಾದೋರು ಒಳಗೊಳಗೇ ಕೈ ಜೋಡಿಸಿ ಬೇರೆಯವರಿಗೆ ಬಾಗಿಲು ಹಾಕಬಾರದು ಅನ್ನೋದು ಅದರ ಸಾರ. ಆರು ಕಾನ್ಫರೆನ್ಸ್ ಸೇರ್ಕೊಂಡು ಮಾಡಿದ್ದೂ ಅದೇ ತಾನೆ ಅಂತ ಹ್ಯಾಚ್ ವಾದ.

ಆದ್ರೆ ಆಟ ಅಂದ್ಮೇಲೆ ಒಂದು ತೊಡಕಿದೆ. ಎರಡು ಅಂಗಡಿಯೋರು ಕೂತು ರೇಟ್ ಮಾತಾಡಿದ್ರೆ ಅದು ತಪ್ಪು, ಎರಡು ಟೀಮ್‌ನೋರು ಕೂತು ಮಾತಾಡದೇ ಇದ್ರೆ ಮ್ಯಾಚೇ ಇಲ್ಲ! ಅದಕ್ಕೇ ಕೋರ್ಟು ಒಪ್ಪಂದ ಇದೆ ಅಂದ ತಕ್ಷಣ ತಪ್ಪು ಅನ್ನಲ್ಲ, ಅದರಿಂದ ಒಳ್ಳೇದೆಷ್ಟು ಕೆಟ್ಟದ್ದೆಷ್ಟು ಅಂತ ತೂಗಿ ನೋಡುತ್ತೆ. ಬಿಸಿಎಸ್‌ನೋರ ಉತ್ತರಾನೂ ಇದೇ ಆಗಿತ್ತು, ನಾವು ಬರೋಕೆ ಮುಂಚೆ ನಂಬರ್ ಒನ್ನು ನಂಬರ್ ಟೂ ಎದುರುಬದುರು ಆಡ್ತಿದ್ದದ್ದೇ ಅಪರೂಪ, ನಾವು ಪ್ರತಿ ವರ್ಷ ಆಡಿಸ್ತಿದೀವಿ, ಅಂದ್ಮೇಲೆ ಜನಕ್ಕೆ ಲಾಭಾನೇ ಆಯ್ತಲ್ಲ ಅಂತ. ನಿಜ ಹೇಳ್ಬೇಕಂದ್ರೆ ಈ ವಾದ ಪೂರ್ತಿ ತಳ್ಳಿಹಾಕೋ ಹಾಗಿರಲಿಲ್ಲ.

ನನಗೆ ಇದಕ್ಕಿಂತ ರುಚಿಯಾಗಿ ಕಂಡದ್ದು 1984ರ ಕೇಸು. ಅದಕ್ಕೆ ಮುಂಚೆ ಕಾಲೇಜ್ ಫುಟ್‌ಬಾಲ್ ಟಿವೀಲಿ ಯಾವ ಟೀಮು ಎಷ್ಟು ಸಲ ಬರಬೇಕು ಅಂತ ತೀರ್ಮಾನ ಮಾಡ್ತಿದ್ದದ್ದು ಕಾಲೇಜ್ ಆಟಗಳನ್ನ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ, ಎರಡು ವರ್ಷಕ್ಕೆ ಆರು ಸಲಕ್ಕಿಂತ ಜಾಸ್ತಿ ಯಾರೂ ಬರೋ ಹಾಗಿಲ್ಲ. ಸಿಬಿಎಸ್ಸು ಎಬಿಸಿ ಎರಡೂ ಟಿವಿ ಕಂಪನಿಯೋರು ನಾಲ್ಕು ವರ್ಷಕ್ಕೆ ತಲಾ 13 ಕೋಟಿ 17 ಲಕ್ಷ 50 ಸಾವಿರ ಡಾಲರ್ ಕೊಡಬೇಕು, ಹಂಚಿಕೆ ಹೆಂಗಿತ್ತು ಅಂದ್ರೆ 1981ರಲ್ಲಿ ಒಂದು ವಾರ ಓಕ್ಲಹೋಮಾ - ಯುಎಸ್‌ಸಿ ಮ್ಯಾಚು 200ಕ್ಕೂ ಜಾಸ್ತಿ ಟಿವಿ ಸ್ಟೇಷನ್‌ಗಳಲ್ಲಿ ಬಂತು, ಅದೇ ವಾರ ಸಿಟಡೆಲ್ - ಅಪ್ಪಲಾಚಿಯನ್ ಸ್ಟೇಟ್ ಮ್ಯಾಚು ನಾಲ್ಕೇ ನಾಲ್ಕರಲ್ಲಿ ಬಂತು, ನಾಲ್ಕೂ ಟೀಮಿಗೆ ಸಿಕ್ಕಿದ್ದು ಒಂದೇ ದುಡ್ಡು. ಇಡೀ ದೇಶ ನೋಡಿದ್ದು ನಮ್ಮನ್ನ, ದುಡ್ಡು ಮಾತ್ರ ಸಮಪಾಲಾ ಅಂತ ಓಕ್ಲಹೋಮಾಗೆ ಹೊಟ್ಟೆ ಉರೀತು. ಓಕ್ಲಹೋಮಾ ಮತ್ತೆ ಜಾರ್ಜಿಯಾ ಯೂನಿವರ್ಸಿಟಿಯೋರು ಕೇಸ್ ಹಾಕಿದ್ರು, ಸುಪ್ರೀಂ ಕೋರ್ಟು 7-2ಕ್ಕೆ ಅವರ ಪರ ತೀರ್ಪು ಕೊಡ್ತು, ಎನ್‌ಸಿಎಎ ಮಾಡ್ತಿರೋದು ಶೆರ್ಮನ್ ಆ್ಯಕ್ಟ್‌ಗೆ ವಿರುದ್ಧ ಅಂತ ಜಸ್ಟಿಸ್ ಸ್ಟೀವನ್ಸ್ ಬರೆದ್ರು. ಒಪ್ಪದೇ ಇದ್ದ ಇಬ್ಬರಲ್ಲಿ ಒಬ್ರು ಬೈರನ್ ವೈಟ್, ಕೊಲರಾಡೋ ಯೂನಿವರ್ಸಿಟೀಲಿ ಸ್ವತಃ ಫುಟ್‌ಬಾಲ್ ಸ್ಟಾರ್ ಆಗಿದ್ದೋರು. ಇದನ್ನ ಬರೀ ವ್ಯಾಪಾರ ಅಂತ ನೋಡಬೇಡಿ, ಇದು ಕಾಲೇಜಿನ ಆಟ ಅಂತ ಅವರ ವಾದ. ಈಗ ಯೋಚಿಸಿದ್ರೆ ಆ ಬೆಂಚಲ್ಲಿ ಮೈದಾನದ ಮಣ್ಣು ಮೆತ್ತಿಕೊಂಡಿದ್ದೋರಿಗೇ ಮುಂದೇನಾಗುತ್ತೆ ಅಂತ ಕಂಡಿತ್ತೇನೋ ಅನ್ಸುತ್ತೆ.

ಯಾಕಂದ್ರೆ ಟಿವಿಗೆ ಎನ್‌ಸಿಎಎ ಹಾಕಿದ್ದ ಬೀಗ ಒಡೆದಿದ್ದೇನೋ ಒಡೆದ್ರು, ಒಳಗೆ ನುಗ್ಗಿದ್ದು ಮಾತ್ರ ದೊಡ್ಡೋರೇ. ನೋಟ್ರ್ ಡೇಮ್ 1990ರಲ್ಲಿ ಎನ್‌ಬಿಸಿ ಜೊತೆ ತನ್ನದೇ ಡೀಲ್ ಮಾಡ್ಕೊಂತು, ಆಮೇಲೆ ಕಾನ್ಫರೆನ್ಸ್‌ಗಳೂ ಅದೇ ದಾರಿ ಹಿಡಿದ್ವು, ಟಿವಿ ದುಡ್ಡು ಯಾರ ಹತ್ರ ಜಾಸ್ತಿ ಬಂತೋ ಅವರೇ ಬಿಸಿಎಸ್ ಪಂಕ್ತಿ ಹಾಕಿದ್ರು. ಅಂದ್ರೆ ಹ್ಯಾಚ್ ಅವರು ಯಾವ ಕೂಟದ ಮೇಲೆ ಶೆರ್ಮನ್ ಆ್ಯಕ್ಟ್ ಬೀಸಿದ್ರೋ ಆ ಕೂಟ ಬೆಳೆಯೋಕೆ ಜಾಗ ಮಾಡ್ಕೊಟ್ಟಿದ್ದೂ ಅದೇ ಶೆರ್ಮನ್ ಆ್ಯಕ್ಟೇ. ಇದನ್ನ ಹೇಳಿದಾಗ ನಮ್ಮ ಹೊಸ ಮೆಂಬರ್ ನಕ್ಕುಬಿಟ್ರು.

ಬಿಸಿಎಸ್ ಸರೀನಾ ತಪ್ಪಾ ಅಂತ ಯಾವ ಕೋರ್ಟೂ ಕೊನೆಗೂ ಹೇಳಲೇ ಇಲ್ಲ. ಯೂಟಾದ ಅಟಾರ್ನಿ ಜನರಲ್ ಕೇಸ್ ಹಾಕ್ತೀನಿ ಹಾಕ್ತೀನಿ ಅಂತಿದ್ರು, 2011ರ ಮೇ ತಿಂಗಳಲ್ಲಿ ಕೇಂದ್ರ ನ್ಯಾಯ ಇಲಾಖೆಯ ಆ್ಯಂಟಿಟ್ರಸ್ಟ್ ಮುಖ್ಯಸ್ಥೆ ಕ್ರಿಸ್ಟೀನ್ ವಾರ್ನಿ ಎನ್‌ಸಿಎಎಗೆ ಒಂದು ಕಾಗದ ಬರೆದು ಬೇರೆಲ್ಲ ಆಟಕ್ಕೂ ಪ್ಲೇಆಫ್ ಅಂದ್ರೆ ಸೋತೋರು ಹೊರಗೆ ಹೋಗೋ ಕೊನೇ ಸುತ್ತು ಇದೆ, ಇದಕ್ಕೆ ಯಾಕಿಲ್ಲ ಅಂತ ಕೇಳಿದ್ರು, 2012ರ ಜೂನ್‌ನಲ್ಲಿ ನಾಲ್ಕು ಟೀಮಿನ ಪ್ಲೇಆಫ್‌ಗೆ ಒಪ್ಪಿಗೆ ಆಯ್ತು. ಕಾಗದಕ್ಕೆ ಹೆದರಿದ್ರೋ ಟಿವಿಯೋರು ತೋರಿಸಿದ ದುಡ್ಡಿಗೆ ಕರಗಿದ್ರೋ ನೀವೇ ಊಹಿಸಿ, ನನಗಂತೂ ಎರಡನೇದೇ ಜಾಸ್ತಿ ಅನ್ಸುತ್ತೆ. ಹೆಸರು ಬದಲಾಯ್ತು, ನಡೆಸೋರು ಅದೇ ಕಾನ್ಫರೆನ್ಸ್‌ನೋರು, ಅಳಿಯ ಅಲ್ಲ ಮಗಳ ಗಂಡ. ಆ ಪ್ಲೇಆಫ್‌ನ ಮೊದಲ ವರ್ಷ ನಾಲ್ಕನೇ ಜಾಗದಿಂದ ಬಂದು ಗೆದ್ದಿದ್ದು ಓಹಾಯೋ ಸ್ಟೇಟು, 2024ರಲ್ಲಿ ಅದು ಹನ್ನೆರಡು ಟೀಮ್ ಆದಾಗ ಮೊದಲ ವರ್ಷ ಗೆದ್ದಿದ್ದೂ ಓಹಾಯೋ ಸ್ಟೇಟು, ಆದ್ದರಿಂದ ಈ ಊರಲ್ಲಿ ಕೂತು ನಾನು ಹೊಸ ಪದ್ಧತೀನ ಬಯ್ಯೋದು ಉಂಡ ಮನೆಗೆ ಎರಡು ಬಗೆದಂಗೆ.

ಯೂಟಾ ಏನಾಯ್ತು ಅಂತೀರಾ? 2011ರಲ್ಲಿ ಅವರನ್ನ ದೊಡ್ಡ ಕಾನ್ಫರೆನ್ಸ್‌ಗಳಲ್ಲೊಂದಾದ ಪ್ಯಾಕ್-12ಗೆ ಸೇರಿಸ್ಕೊಂಡ್ರು, ಗೋಡೆ ಹತ್ರ ನಿಂತಿದ್ದೋರಿಗೆ ಎಲೆ ಹಾಕಿದ್ರು. ಹನ್ನೆರಡು ವರ್ಷ ಕಳೆಯೋಷ್ಟರಲ್ಲಿ ಆ ಪಂಕ್ತಿನೇ ಎದ್ದುಹೋಯ್ತು, ಟಿವಿ ದುಡ್ಡು ಹುಡುಕ್ಕೊಂಡು ಹತ್ತು ಟೀಮು ಬೇರೆ ಬೇರೆ ಕಡೆ ಹೋದ್ವು, ಓರೆಗಾನ್ ಸ್ಟೇಟು ವಾಷಿಂಗ್ಟನ್ ಸ್ಟೇಟು ಎರಡೇ ಉಳಿದದ್ದು, ಯೂಟಾ ಈಗ ಬಿಗ್ ಟ್ವೆಲ್ವ್‌ನಲ್ಲಿದೆ. ನಮ್ಮ ಬಿಗ್ ಟೆನ್‌ನಲ್ಲಿ ಹದಿನೆಂಟು ಟೀಮ್ ಇವೆ, ಲೆಕ್ಕ ಕೇಳಬೇಡಿ. 1984ರಲ್ಲಿ ಕೇಸ್ ಗೆದ್ದ ಓಕ್ಲಹೋಮಾ, ಜಾರ್ಜಿಯಾ ಎರಡೂ ಈಗ ಎಸ್‌ಇಸಿ ಪಂಕ್ತೀಲಿ ಅಕ್ಕಪಕ್ಕ.

ಆ ಅಷ್ಟೂ ವರ್ಷ ಬಡಿಸ್ತಿದ್ದ ಹುಡುಗ್ರಿಗೆ ಅಂದ್ರೆ ಆಟಗಾರರಿಗೆ ಏನು ಸಿಕ್ತು ಅನ್ನೋದೂ ಆ್ಯಂಟಿಟ್ರಸ್ಟ್ ಕಥೇನೇ. 2021ರಲ್ಲಿ ಆಟಗಾರರು ಹಾಕಿದ್ದ ಆಲ್ಸ್ಟನ್ ಕೇಸಲ್ಲಿ ಸುಪ್ರೀಂ ಕೋರ್ಟು 9-0ಕ್ಕೆ ಎನ್‌ಸಿಎಎ ವಿರುದ್ಧ ಹೇಳ್ತು, 2025ರ ಜೂನ್‌ನಲ್ಲಿ ಆಟಗಾರರ ಇನ್ನೊಂದು ಕೇಸಲ್ಲಿ ಒಪ್ಪಿಗೆಯಾದ ಹೌಸ್ ಒಪ್ಪಂದದಿಂದ ಕಾಲೇಜುಗಳು ಹುಡುಗರಿಗೆ ನೇರವಾಗಿ ದುಡ್ಡು ಕೊಡೋ ಹಂಗಾಯ್ತು. ಅದಕ್ಕೆ ಇನ್ನೊಂದು ಸಂಪಾದಕೀಯಾನೇ ಬೇಕು.

ಇದೆಲ್ಲ ಅಮೆರಿಕದೋರ ತಲೆನೋವು ಅಂದ್ಕೋಬೇಡಿ. ನಮ್ಮ ಭಾರತದ ಕಾಂಪಿಟಿಷನ್ ಕಮಿಷನ್ 2013ರಲ್ಲಿ ಬಿಸಿಸಿಐಗೆ 52.24 ಕೋಟಿ ರೂಪಾಯಿ ದಂಡ ಹಾಕಿತ್ತು, ಐಪಿಎಲ್ ಪ್ರಸಾರದ ಒಪ್ಪಂದದಲ್ಲಿ ಇಂಥದ್ದೇ ಇನ್ನೊಂದು ಲೀಗ್‌ಗೆ ನಾವು ಅನುಮತಿ ಕೊಡಲ್ಲ ಅಂತ ಬರ್ಕೊಟ್ಟಿದ್ರು ಅಂತ. 2015ರಲ್ಲಿ ಟ್ರಿಬ್ಯೂನಲ್ ಅದನ್ನ ರದ್ದು ಮಾಡ್ತು, 2017ರಲ್ಲಿ ಕಮಿಷನ್ ಮತ್ತೆ ಅಷ್ಟೇ ದಂಡ ಹಾಕ್ತು. ಚಿನ್ನಸ್ವಾಮೀಲಿ ಮ್ಯಾಚ್ ನೋಡಿ ಬೆಳೆದೋರಿಗೆ ಬೋರ್ಡು ಅಂದ್ರೆ ಒಂದೇ, ಲೀಗ್ ಅಂದ್ರೆ ಒಂದೇ, ಇನ್ನೊಂದು ಇರಬಹುದಿತ್ತು ಅಂತ ನಾವು ಯಾವತ್ತೂ ಯೋಚನೇನೇ ಮಾಡಿರಲ್ಲ.

ಡೇಟ್ ವಿಷಯಕ್ಕೆ ಬರೋಣ. ಪ್ಲೇಆಫ್ ಹನ್ನೆರಡು ಟೀಮ್ ಆದಾಗಿಂದ ಬರೀ ನವೆಂಬರ್ ಅಲ್ಲ, ಡಿಸೆಂಬರ್ ಮೂರನೇ ಶನಿವಾರಾನೂ ನಮ್ಮೂರಲ್ಲೇ ಮ್ಯಾಚ್ ಬರೋ ಸಾಧ್ಯತೆ ಇದೆ, 2024ರಲ್ಲಿ ಟೆನೆಸೀ ಜೊತೆ ಬಂತಲ್ಲ ಹಂಗೆ, ಜನವರೀಲಿ ಸೆಮಿಫೈನಲ್ಲು ಸಂಕ್ರಾಂತಿ ಹತ್ರಕ್ಕೇ ಬಂದು ಕೂರುತ್ತೆ. ರಾಜ್ಯೋತ್ಸವ ಅಕ್ಟೋಬರ್‌ಗೇ ಹಿಂದಕ್ಕೆ ಹಾಕೋಣ ಅಂತ ಒಬ್ರು ಅಂದ್ರು, ಅಕ್ಟೋಬರ್‌ನಲ್ಲಿ ಯಾವ ರಾಜ್ಯೋತ್ಸವ ಸ್ವಾಮಿ ಅಂತ ಇನ್ನೊಬ್ರು ಎದ್ದು ಹೋದ್ರು. ಮೀಟಿಂಗ್ ಮುಂದಿನ ಭಾನುವಾರ ಮುಂದುವರೀತದೆ, ಎಳ್ಳು ಬೆಲ್ಲ ಪೊಟ್ಟಣ ಕಟ್ಟೋಕೆ ಎಂಟು ಜನ ಬೇಕು, ಮ್ಯಾಚ್ ಇಲ್ಲದಿರೋ ದಿನಾನೇ ಕರೀತೀವಿ.